ನನ್ನ ತಮ್ಮನ ಟೈ ಗಂಟು

ನನ್ನ ತಮ್ಮ ವೆಂಕಟೇಶಮೂರ್ತಿಗೆ ಟೈ ಕಟ್ಟಿಕೊಳ್ಳಲು ಬರುವುದಿಲ್ಲ ಅನ್ನುವ ಸಂಗತಿ ಇಡೀ ಶಿಡ್ಲಘಟ್ಟದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಗೊತ್ತಿದ್ದೂ ಎರಡು ವರ್ಷ ಬಾಯಿ ಬಿಡದೆ ಇದ್ದೆ. ಅಕ್ಕ ಅನ್ನಿಸಿಕೊಂಡ ಮೇಲೆ ಏನೇನು ಹೊಟ್ಟೆಗೆ ಹಾಕಿಕೊಳ್ಳಬೇಕೋ!

ಅವನು ಮೊದಲು ಬೆಂಗಳೂರಿನ ದಂಡಿನಲ್ಲಿ ಸೂಟು ಹೊಲಿಯುವ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದ. ಐವತ್ತಾರನೇ ಇಸವಿಯಲ್ಲಿ ನಮ್ಮೂರ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಹೊರಡುವ ದಿನ ಅಂಗಡಿಯ ಮುದುಕ ಮೇಸ್ತ್ರಿ ಪ್ರೀತಿಯಿಂದ ಒಂದು ಕಡುನೀಲಿ ರೇಷ್ಮೆ ಟೈಗೆ ತಾನೇ ಗಂಟು ಹಾಕಿ ಇವನ ಕೊರಳಿಗೆ ಏರಿಸಿ ಕಳಿಸಿದ್ದ. ಆ ಗಂಟನ್ನು ಇವನು ಬಿಚ್ಚಲೇ ಇಲ್ಲ. ಸಂಜೆ ಸಡಿಲಿಸಿ ತಲೆಯ ಮೇಲಿಂದ ತೆಗೆದು ಮೊಳೆಗೆ ನೇತುಹಾಕುವುದು, ಬೆಳಿಗ್ಗೆ ಮತ್ತೆ ಅದರೊಳಗೆ ತಲೆ ತೂರಿಸಿ ಬಿಗಿ ಮಾಡಿಕೊಳ್ಳುವುದು. ನಮ್ಮ ಎತ್ತುಗಳೂ ಕೊರಳ ಹಗ್ಗಕ್ಕೆ ಹಾಗೆಯೇ ಕತ್ತು ಕೊಡುತ್ತಿದ್ದವು.

ಆದರೆ ಬಾಯಲ್ಲಿ ಮಾತ್ರ ಅವನಷ್ಟು ತಿಳಿದವರು ಇರಲಿಲ್ಲ. ಟೈ ತುದಿ ಬೆಲ್ಟಿನ ಬಕಲನ್ನು ಮುಟ್ಟಿ ನಿಲ್ಲಬೇಕು. ಮೇಲಿದ್ದರೆ ಬಟ್ಟೆ ಸಾಲದೆ ಹೊಲಿಸಿದ ಹಾಗೆ, ಕೆಳಗಿಳಿದರೆ ಅಣ್ಣನದನ್ನು ತಮ್ಮ ಹಾಕಿಕೊಂಡ ಹಾಗೆ. ಗಂಟಿನ ಕೆಳಗೆ ಒಂದು ಸಣ್ಣ ಗುಳಿ ಬೀಳಬೇಕು. ಕೋಟಿನ ಎದೆಜೇಬಿನ ಕರವಸ್ತ್ರ ಬಿಳಿಯದೇ ಆಗಿರಬೇಕು, ಅರ್ಧ ಬೆರಳಿನಷ್ಟು ಮಾತ್ರ ಇಣುಕಬೇಕು. ಟೈ ಬಣ್ಣಕ್ಕೆ ಕರವಸ್ತ್ರದ ಬಣ್ಣ ಹೊಂದಿಸುವವರು ಬ್ಯಾಂಡ್‌ಸೆಟ್ಟಿನವರು ಮಾತ್ರ. ಇದನ್ನೆಲ್ಲ ಅವನು ಊಟಕ್ಕೆ ಕೂತಾಗ ಅಪ್ಪನಿಗೆ ಹೇಳುತ್ತಿದ್ದ. ಅಪ್ಪ ಪುಟ್ಟಸ್ವಾಮಯ್ಯ ಅದೇ ಕಚೇರಿಯ ದಫ್ತರದಲ್ಲಿ ಮೂವತ್ತು ವರ್ಷ ಕಡತ ಕಟ್ಟಿ ನಿವೃತ್ತರಾದವರು, ಮುಚ್ಚುಗೊರಳ ಕೋಟಿಗಿಂತ ಮೇಲಾದ ಇನ್ನೊಂದು ಉಡುಪು ಲೋಕದಲ್ಲಿದೆ ಎಂದು ಒಪ್ಪದವರು. ಹಳ್ಳಿಯಿಂದ ಬಂದ ರೈತರು ಅಮಲ್ದಾರರನ್ನು ಬಿಟ್ಟು ಇವನಿಗೇ ಎದ್ದು ಕೈಮುಗಿಯುತ್ತಾರೆ ಎಂಬ ಸುದ್ದಿ ಬಂದ ದಿನ ಅಪ್ಪ ಮಜ್ಜಿಗೆ ಅನ್ನ ಬಿಟ್ಟು ಎದ್ದಿದ್ದರು.

ಐವತ್ತೆಂಟರ ಬೇಸಿಗೆಯಲ್ಲಿ ಇವನು ಕಚೇರಿ ಕೆಲಸದ ಮೇಲೆ ಕೈವಾರಕ್ಕೆ ಹೋಗಿದ್ದಾಗ ಬಸ್ಸಿನಲ್ಲಿ ಒಬ್ಬ ಹುಡುಗಿಯನ್ನು ನೋಡಿ ಬಂದ. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ನನ್ನ ಹತ್ತಿರ ಬಾಯಿ ಬಿಟ್ಟ. ವಿಚಾರಿಸಿದರೆ ನಮ್ಮವರೇ, ಚಿಂತಾಮಣಿಯ ಮೇಷ್ಟ್ರೊಬ್ಬರ ಮಗಳು, ಹೆಸರು ಆದಿಲಕ್ಷ್ಮಿ. ಕೋಲಾರದ ಚಿನ್ನದ ಗಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮಿಷನ್ ಶಾಲೆಯಲ್ಲಿ ಓದಿದವಳು. ಗಂಡನ್ನು ನೋಡಿ ತಾನೇ ಉತ್ತರ ಹೇಳುತ್ತೇನೆ ಅನ್ನುವ ಹುಡುಗಿ ಅವಳು. ಆಗಲೇ ಮೂವರಿಗೆ ಬೇಡ ಅಂದಿದ್ದಳು. ಮೂರನೆಯವನು ಬಿ.ಎ. ಪಾಸು ಅಂದಿದ್ದನಂತೆ, ನಪಾಸಾಗಿದ್ದ.

“ಅಕ್ಕ, ಈ ಹುಡುಗಿ ಒಪ್ಪಲಿಲ್ಲ ಅಂದ್ರೆ ನಂಗೆ ಮದುವೇನೇ ಬೇಡ,” ಅಂದ. ಅವನು ನಾಟಕದ ಮಾತಾಡುವವನಲ್ಲ. ನನಗೆ ನಿಜವಾಗಿ ದಿಗಿಲಾಯಿತು.

ಹೆಣ್ಣು ನೋಡುವುದು ಭಾನುವಾರ ಎಂದು ಗೊತ್ತಾಯಿತು. ಶನಿವಾರ ಅವನು ಕಚೇರಿಗೆ ಬರಿಗೊರಳಲ್ಲಿ ಹೋದ, ಟೈ ಮಾಸಬಾರದು ಅಂತ. ನಮ್ಮಮ್ಮ ವೆಂಕಟಲಕ್ಷ್ಮಮ್ಮ ಮೊಳೆಯ ಮೇಲಿನ ಟೈ ನೋಡಿದರು. ಮಗ ಹೆಣ್ಣು ನೋಡುವುದಕ್ಕೆ ಎರಡು ವರ್ಷ ಒಗೆಯದ ಬಟ್ಟೆ ಹಾಕಿಕೊಂಡು ಹೋಗುವುದು ಉಂಟೇ?

ಸಂಜೆ ನಾನು ಒಳಗೆ ಹೋದಾಗ ಅಮ್ಮ ಸಂತೋಷದಿಂದ ಹೇಳಿದರು: “ಪಾಪ, ಅದೆಂಥ ಗಂಟು ಬಿದ್ದುಹೋಗಿತ್ತು ಪಂಕಜ, ಅರ್ಧ ಗಂಟೆ ಕೂತು ಬಿಡಿಸಿದೆ ಕಣೇ. ಒಗೆದು, ಗಟ್ಟಿಯಾಗಿ ಗಂಜಿ ಹಾಕಿ, ಇಸ್ತ್ರಿ ಮಾಡಿಟ್ಟಿದ್ದೀನಿ.”

ಟೈ ಮಂಚದ ಮೇಲೆ ಒಣಗಿದ ಹಪ್ಪಳದಂತೆ ಮಲಗಿತ್ತು. ಒಂದು ತುದಿ ಹಿಡಿದು ಎತ್ತಿದರೆ ಇನ್ನೊಂದು ತುದಿಯೂ ಹಾಗೇ ಮೇಲೆದ್ದಿತು. ಪಕ್ಕದಲ್ಲಿ ಕರವಸ್ತ್ರ. ಅದಕ್ಕೆ ಅಮ್ಮ ಧಾರಾಳವಾಗಿ ನೀಲಿ ಹಾಕಿದ್ದರಿಂದ ಟೈಗೂ ಅದಕ್ಕೂ ಅಕ್ಕತಂಗಿಯರ ಹೋಲಿಕೆ ಬಂದಿತ್ತು. ಮೂರ್ತಿ ಬಂದು ನೋಡಿ ಗೋಡೆಗೆ ಒರಗಿ ಕೂತುಬಿಟ್ಟ. ಅಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಬೆಳಿಗ್ಗೆ ಸತ್ಯ ಎಲ್ಲರಿಗೂ ತಿಳಿಯಿತು. ಅಪ್ಪ “ಇಷ್ಟೇನಾ?” ಎಂದು ಮುಂದೆ ಬಂದು ಕಡತಕ್ಕೆ ಹಾಕುವ ಗಂಟು ಹಾಕಿದರು. ನನ್ನ ತಮ್ಮ ಮೇಲಧಿಕಾರಿಗೆ ರವಾನೆಯಾಗುವ ಕಾಗದದ ಕಟ್ಟಿನ ಹಾಗೆ ಕಂಡ. ನಾನು ನಕ್ಕುಬಿಟ್ಟೆ, ಅಪ್ಪ ಸಿಟ್ಟಾಗಿ ಹೊರಗೆ ಹೋದರು. ಬಸ್ಸಿಗೆ ಇನ್ನು ಕಾಲು ಗಂಟೆ ಇತ್ತು. ಗದ್ದಲ ಕೇಳಿ ಪಕ್ಕದ ಮನೆಯ ಕದಿರಮ್ಮ ಬಂದಳು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದರಲ್ಲಿ ನಮ್ಮ ಬೀದಿಗೇ ಅವಳು ಎತ್ತಿದ ಕೈ.

“ಗಂಟು ತಾನೇ? ಬಾ ಮೂರ್ತಪ್ಪ. ಹರಿದ ನೂಲಿಗೆ ದಿನಕ್ಕೆ ಸಾವಿರ ಗಂಟು ಹಾಕ್ತೀನಿ. ಒಂದಾದ್ರೂ ಬಿಚ್ಕೊಂಡಿದ್ದನ್ನ ಯಾರಾದ್ರೂ ಕಂಡವ್ರಾ?” ಅಂದಳು.

ಕೈ ಆಡಿದ್ದು ಕಾಣಲೇ ಇಲ್ಲ. ಹುಣಿಸೆ ಬೀಜದಷ್ಟು ಗಾತ್ರದ ಒಂದು ಗಂಟು ಗಂಟಲ ಮೇಲೆ ಬಂದು ಕೂತಿತ್ತು. ಅಭ್ಯಾಸಬಲದಿಂದ ಕದಿರಮ್ಮ ಮಿಕ್ಕ ತುದಿಯನ್ನು ಕಚ್ಚಿ ಹರಿಯಲು ಬಾಯಿ ಹಾಕಿದಳು. ನಾನು ತಡೆಯದಿದ್ದರೆ ಟೈ ಅಲ್ಲಿಗೇ ಮುಗಿಯುತ್ತಿತ್ತು. ಒಂದು ತುದಿ ಎದೆಯ ಮೇಲೆ, ಇನ್ನೊಂದು ತೊಡೆಯ ಹತ್ತಿರ. ಬಕಲ್ಲಿನ ಮಾತು ಯಾರೂ ಎತ್ತಲಿಲ್ಲ. ಬಸ್ಸು ಹಾರ್ನ್ ಹೊಡೆಯಿತು, ಅಪ್ಪ ಅಮ್ಮನೂ ಸೇರಿ ನಾಲ್ವರೂ ಓಡಿದೆವು.

ಚಿಂತಾಮಣಿ ತಲುಪುವಷ್ಟರಲ್ಲಿ ಬಿಸಿಲಿಗೆ ಬೆವರು ಇಳಿದು, ಅಮ್ಮನ ಗಂಜಿ ನೆನೆದು ಅಂಟಾಗಿ, ಆಮೇಲೆ ಗಾಳಿಗೆ ಒಣಗಿ ಬಿಗಿದುಕೊಂಡಿತ್ತು. ಗಂಟು ಮೇಲಕ್ಕೂ ಬರದು, ಕೆಳಕ್ಕೂ ಇಳಿಯದು. ಮೂರ್ತಿಯ ಮುಖ ಕೆಂಪಗಾಗಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು “ಬನ್ನಿ, ಬನ್ನಿ, ಪ್ರಯಾಣ ಸುಖವಾಯ್ತಾ?” ಅಂದರೆ ಇವನ ಬಾಯಿಂದ ಬಂದದ್ದು ಕೊಳಲಿನ ಒಂದು ಸ್ವರ ಮಾತ್ರ.

ನಡುಮನೆಯಲ್ಲಿ ಕೂತೆವು. ಹುಡುಗಿಯ ಅಜ್ಜಿ ಅಮ್ಮಾಜಮ್ಮ ಮೂಲೆಯ ಮಣೆಯ ಮೇಲೆ ಕೂತು ನನ್ನ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಕಿಟಕಿಯಲ್ಲಿ ಬೀದಿಯ ಏಳೆಂಟು ತಲೆಗಳಿದ್ದವು. ಆದಿಲಕ್ಷ್ಮಿ ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ತಲೆ ತಗ್ಗಿಸಲಿಲ್ಲ. ಅವಳ ಕಣ್ಣು ಟೈಯ ಮೇಲೆ ನಿಂತದ್ದನ್ನು ನೋಡಿ ನನಗೆ ನೆಲ ಸೇರಿಬಿಡೋಣ ಅನ್ನಿಸಿತು.

“ತಗೊಳ್ಳಪ್ಪ, ಸಂಕೋಚ ಬೇಡ,” ಅಂದರು ಅಜ್ಜಿ. ಸಂಕೋಚವಲ್ಲ, ದಾರಿಯೇ ಇರಲಿಲ್ಲ. ಅವರ ಬಲವಂತಕ್ಕೆ ಮೂರ್ತಿ ಒಂದು ತುತ್ತು ಬಾಯಿಗಿಟ್ಟ. ಅದು ಗಂಟಿನ ತನಕ ಹೋಗಿ ನಿಂತಿತು. ಕೆಮ್ಮಿದ, ಕಣ್ಣಲ್ಲಿ ನೀರು ಸುರಿಯಿತು. ಅಮ್ಮಾಜಮ್ಮ ಎದ್ದು ಅವನ ಎದೆಜೇಬಿನಿಂದ ಕರವಸ್ತ್ರ ಎಳೆದು ಅದರಿಂದಲೇ ಅವನ ಬಾಯಿ, ಮೂಗು ಎರಡನ್ನೂ ಒರೆಸಿ ಮತ್ತೆ ಜೇಬಿಗೆ ತುರುಕಿದರು. ಅಮ್ಮ ಬೆನ್ನಿಗೆ ಗುದ್ದಿದರು. ತುತ್ತು ಇಳಿಯಿತು, ಉಸಿರು ಮಾತ್ರ ಸರಿಯಾಗಲಿಲ್ಲ.

“ಕತ್ತರಿಸಿಬಿಡಣ,” ಎಂದು ಮೇಷ್ಟ್ರು ಅಡಕತ್ತರಿ ತಂದರು. ಮೂರ್ತಿ ಎರಡೂ ಕೈಯಲ್ಲಿ ಟೈ ಹಿಡಿದುಕೊಂಡು ಬೇಡ ಬೇಡ ಎಂದು ತಲೆ ಆಡಿಸಿದ. ಜೀವಕ್ಕಿಂತ ಟೈ ಹೆಚ್ಚಾಯಿತೇನೋ ಎಂದು ನನಗೆ ಸಿಟ್ಟು ಬಂತು.

“ಕತ್ತರಿಸಬೇಡಿ ಅಪ್ಪ,” ಎಂದು ಆದಿಲಕ್ಷ್ಮಿ ಮುಂದೆ ಬಂದಳು. ಜಡೆಯಿಂದ ಹೇರ್‌ಪಿನ್ ತೆಗೆದು, ಒಂದಿಷ್ಟು ನೀರು ಚಿಮುಕಿಸಿ, ಗಂಟನ್ನು ಎಳೆ ಎಳೆಯಾಗಿ ಮೀಟಿದಳು. ಗಂಟು ಬಿಟ್ಟಿತು. ನನ್ನ ತಮ್ಮ ಎಳೆದುಕೊಂಡ ಉಸಿರು ಕಿಟಕಿಯ ಆಚೆಗೂ ಕೇಳಿರಬೇಕು.

“ಇದನ್ನ ಯಾರು ಕಟ್ಟಿದ್ದು?” ಅವಳು ಕೇಳಿದಳು.

“ಪಕ್ಕದ ಮನೆ ಕದಿರಮ್ಮ.”

“ನಿಮಗೆ ಕಟ್ಕೊಳ್ಳೋಕೆ ಬರಲ್ವಾ?”

ಅಪ್ಪ ಕೆಮ್ಮಿದರು. ಅದು ದಫ್ತರದ ಕೆಮ್ಮು, ಏನಾದರೂ ಸಬೂಬು ಹೇಳು ಅಂತ ಅರ್ಥ. ಮೂರ್ತಿ ಅವಳ ಮುಖ ನೋಡಿದ.

“ಬರಲ್ಲ. ಎರಡು ವರ್ಷದಿಂದ ಬೇರೆಯವ್ರು ಹಾಕಿಕೊಟ್ಟ ಗಂಟಿನಲ್ಲೇ ತಲೆ ತೂರಿಸ್ತಿದ್ದೆ. ಹೇಗಿರಬೇಕು ಅನ್ನೋದು ಗೊತ್ತು. ಹಾಕೋದು ಗೊತ್ತಿಲ್ಲ.”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಶಾಲೆಯಲ್ಲಿ ದಿನಾ ತಾನೂ ಟೈ ಕಟ್ಟಿಕೊಳ್ಳುತ್ತಿದ್ದೆ, ಮಾವನ ಮಕ್ಕಳಿಗೂ ತಾನೇ ಕಟ್ಟುತ್ತಿದ್ದೆ ಅಂದಳು. ಅನ್ನುತ್ತಲೇ ಟೈಯನ್ನು ಅವನ ಕಾಲರಿನ ಸುತ್ತ ಹಾಕಿ, ಅಡ್ಡ ತಂದು, ಸುತ್ತಿ, ಮೇಲಿಂದ ತೂರಿಸಿ ಕೆಳಗೆ ಎಳೆದಳು. ತೋರುಬೆರಳಿನಿಂದ ಗಂಟಿನ ಕೆಳಗೆ ಒತ್ತಿದಳು, ಗುಳಿ ಬಿತ್ತು. ತುದಿ ಬಕಲನ್ನು ಮುಟ್ಟಿ ನಿಂತಿತು. ಅಷ್ಟು ಅಂದವಾದ ಗಂಟನ್ನು ಆ ಮೇಸ್ತ್ರಿಯೂ ಹಾಕಿಕೊಟ್ಟಿರಲಿಲ್ಲ.

“ಏಂ ಪನೇ ಇದಿ, ಎಂಥ ಕೆಲಸವೇ ಇದು!” ಎಂದು ಅಮ್ಮಾಜಮ್ಮ ಕೂಗಿದರು. “ಹೆಣ್ಣು ಹೋಗಿ ಗಂಡಿನ ಕುತ್ತಿಗೆಗೆ ಕಟ್ಟೋದಾ? ಅದೂ ಮುತ್ತೈದೆಯರ ಮುಂದೆ, ಶುಭವೇಳೇಲಿ!”

ಆಗ ಎಲ್ಲರಿಗೂ ಏನು ನಡೆದುಹೋಯಿತು ಎಂಬುದು ಹೊಳೆಯಿತು. ಕಿಟಕಿಯ ಏಳೆಂಟು ತಲೆ ಹದಿನೈದಾದವು. ಅಮ್ಮ ಕೆನ್ನೆ ಬಡಿದುಕೊಂಡರು. ಮೇಷ್ಟ್ರು ಕುಸಿದು ಕೂತು, “ಬೀದಿಯವರೆಲ್ಲ ನೋಡಿಬಿಟ್ರಲ್ಲ. ನಾಳೆ ಇನ್ನೊಂದು ಕಡೆಯವರು ಕೇಳಿದ್ರೆ ಏನು ಹೇಳಲಿ?” ಅಂದರು. ಅಪ್ಪ ಗಂಭೀರವಾಗಿ ಎದ್ದು ನಿಂತರು. “ಗಂಡು ಹೆಣ್ಣಿಗೆ ಕಟ್ಟಿದ್ರೆ ಅದು ಮದುವೆ. ಹೆಣ್ಣು ಗಂಡಿಗೆ ಕಟ್ಟಿದ್ರೆ ಅದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. ಆದ್ದರಿಂದ ಇದು ನಡೆದೇ ಇಲ್ಲ.”

“ನಡೆದಿಲ್ಲ ಅಂದ್ರೆ ಕುತ್ತಿಗೇಲಿರೋದೇನು?” ಅಜ್ಜಿ ಬಿಡಲಿಲ್ಲ.

ಮೂರ್ತಿ ಎದ್ದ. “ನನ್ನಿಂದ ಅವ್ರಿಗೆ ಕೆಟ್ಟ ಹೆಸರು ಬೇಡ. ಬಿಚ್ಚಿ ಕೊಟ್ಟು ಹೋಗ್ತೀನಿ,” ಎಂದು ಗಂಟಿಗೆ ಕೈ ಹಾಕಿದ. ಟೈ ಬಗ್ಗೆ ಅವನನ್ನು ಎಷ್ಟು ಗೇಲಿ ಮಾಡಿದ್ದೆನೋ, ಆ ಗಳಿಗೆಯಲ್ಲಿ ನನಗೆ ಅಳು ಬಂತು.

“ಬಿಚ್ಚಬೇಡಿ,” ಅಂದಳು ಆದಿಲಕ್ಷ್ಮಿ. ಅಜ್ಜಿಯ ಕಡೆ ತಿರುಗಿದಳು. “ನಾನು ಹಾಕಿದ್ದು ಒಂದೇ ಗಂಟು ಅಜ್ಜಿ. ಅವ್ರು ಮೂರು ಗಂಟು ಹಾಕಿದ್ರೆ ಸರಿಹೋಗುತ್ತಲ್ಲ.”

ಮೇಷ್ಟ್ರು ಮಗಳ ಮುಖ ನೋಡಿದರು, ಅಮ್ಮ ನನ್ನ ಕೈ ಹಿಡಿದುಕೊಂಡರು. ಅಮ್ಮಾಜಮ್ಮ ಮಾತ್ರ ಮಣೆಯ ಮೇಲೆ ನಿಧಾನವಾಗಿ ಕೂತು, ನನ್ನ ತಮ್ಮನನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದರು.

“ಅದನ್ನಾದ್ರೂ ಹಾಕೋಕೆ ಬರುತ್ತಾ ಅಂತ ಮೊದ್ಲು ಕೇಳೇ,” ಅಂದರು.

“ಕಲ್ತ್ಕೋತೀನಿ ಅಜ್ಜಿ,” ಅಂದ ನನ್ನ ತಮ್ಮ.