ಇಪ್ಪತ್ತೊಂದು ಸಾವಿರ ಸಹಿಗಳು

ಅಡಿಲೇಡ್‌ನ ಸಭಾಂಗಣದಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದ ಡಾಕ್ಟರ್ ವೇಣುಗೋಪಾಲರು ಕುರ್ಚಿಯ ಅಂಚಿಗೆ ಸರಿದರು. ವೇದಿಕೆಯ ಮೇಲೆ ಮಗಳ ತಂಡದ ಧ್ರುವ ಒಂದು ಅಂಕಿಯನ್ನು ತಪ್ಪು ಹೇಳಿಬಿಟ್ಟಿದ್ದ.

ಶಾಲಾಮಕ್ಕಳ ಚರ್ಚಾಸ್ಪರ್ಧೆಯ ಫೈನಲ್ ಅದು. ಹವಾಯಿಯ ರಾಣಿಯನ್ನು ಕೆಳಗಿಳಿಸಿದ ಮೇಲೆ ಆ ದ್ವೀಪಗಳನ್ನು ಅಮೆರಿಕ ತನ್ನೊಳಗೆ ಸೇರಿಸಿಕೊಳ್ಳಬಹುದೋ, ಕೂಡದೋ ಎಂದು ೧೮೯೭ರಲ್ಲಿ ನಡೆದ ವಾಗ್ವಾದವನ್ನೇ ಮಕ್ಕಳು ಮತ್ತೆ ನಡೆಸಬೇಕಿತ್ತು. ಪರ್ತ್‌ನ ತಂಡದ್ದು ಸೇರಿಸಿಕೊಳ್ಳಲಿ ಎಂಬ ಪಕ್ಷ. ಬ್ರಿಸ್ಬೇನ್‌ನವರದು ಕೂಡದೆಂಬ ಪಕ್ಷ. ಬ್ರಿಸ್ಬೇನ್ ಪರವಾಗಿ ಕೊನೆಗೆ ಮಾತಾಡಬೇಕಾಗಿದ್ದವಳು ವೇಣುಗೋಪಾಲರ ಮಗಳು, ಹದಿನಾರರ ಶರಣ್ಯಾ.

ಎರಡು ತಿಂಗಳಿಂದ ಬ್ರಿಸ್ಬೇನ್ ಬಳಿಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಅವರ ಮನೆಯಲ್ಲಿ ಊಟದ ಹೊತ್ತಿಗೆ ಹವಾಯಿಯದೇ ಮಾತು. ಕ್ಲಿನಿಕ್ ಮುಗಿಸಿ ಬಂದು ವೇಣುಗೋಪಾಲರೂ ಮಗಳ ಜೊತೆ ಓದಿದ್ದರು. ಹಾಗಾಗಿ ಅವರಿಗೆ ಚೆನ್ನಾಗಿ ಗೊತ್ತಿತ್ತು: ಅಮೆರಿಕಕ್ಕೆ ಸೇರುವುದು ಬೇಡವೆಂದು ಹವಾಯಿಯ ಜನ ಕೊಟ್ಟ ಮನವಿಗೆ ಸಹಿ ಹಾಕಿದವರು ಇಪ್ಪತ್ತೊಂದು ಸಾವಿರ. ನಲವತ್ತು ಸಾವಿರವೆಂಬುದು ಅಲ್ಲಿನ ಮೂಲನಿವಾಸಿಗಳ ಒಟ್ಟು ಸಂಖ್ಯೆ. ಧ್ರುವ ಉದ್ವೇಗದಲ್ಲಿ, "ನಲವತ್ತು ಸಾವಿರ ಜನ ಸಹಿ ಹಾಕಿದ್ದಾರೆ!" ಎಂದು ಮೇಜು ಕುಟ್ಟಿದ್ದ. ಸಭೆ ಚಪ್ಪಾಳೆ ತಟ್ಟಿತು. ಪರ್ತ್‌ನವರೂ ಬಂದರು, ಹವಾಯಿಯ ಸಕ್ಕರೆ ವ್ಯಾಪಾರ, ಅಮೆರಿಕದ ನೌಕಾಬಲ ಎಂದೆಲ್ಲ ವಾದಿಸಿ ಹೋದರು. ಆ ಅಂಕಿಯ ತಂಟೆಗೆ ಯಾರೂ ಹೋಗಲಿಲ್ಲ.

ಸದ್ಯ, ಯಾರೂ ಗಮನಿಸಲಿಲ್ಲ ಎಂದುಕೊಂಡರು ವೇಣುಗೋಪಾಲರು. ಶರಣ್ಯಾ ಅದನ್ನು ಮುಟ್ಟದೆ ದಾಟಿಹೋದರೆ ಸಾಕು ಎಂದು ಮನಸ್ಸಿನಲ್ಲೇ ಹಾರೈಸಿಕೊಂಡರು.

ಶರಣ್ಯಾ ಎದ್ದಳು. ಕಾಗದಗಳನ್ನು ಮೇಜಿನ ಮೇಲೆ ಮಗುಚಿಟ್ಟಳು.

"ಮೊದಲಿಗೆ ಒಂದು ತಿದ್ದುಪಡಿ," ಎಂದಳು ಇಂಗ್ಲಿಷಿನಲ್ಲಿ. "ನನ್ನ ಜೊತೆಗಾರ ಹೇಳಿದ್ದು ಸರಿಯಲ್ಲ. ಸಹಿಗಳು ಇಪ್ಪತ್ತೊಂದು ಸಾವಿರ ಚಿಲ್ಲರೆ."

ಧ್ರುವನ ಮುಖ ಕೆಂಪೇರಿತು. ತೀರ್ಪುಗಾರ್ತಿಯ ಪೆನ್ನು ಸರಸರ ಓಡಿತು. ತನ್ನ ತಂಡದ ಮಾತನ್ನು ತಾನೇ ಅಲ್ಲಗಳೆದರೆ ಅಂಕ ಕಡಿತವೆಂದು ನಿಯಮದಲ್ಲೇ ಇತ್ತು.

"ಆದರೆ ಆ ಜನ ಸಹಿ ಹಾಕಿದ್ದು ತಮ್ಮನ್ನು ಸರಿಯಾಗಿ ಎಣಿಸಲಿ ಅಂತ," ಎಂದು ಶರಣ್ಯಾ ದನಿ ಏರಿಸಿದಳು. "ಅವರಿಗಾಗಿ ವಾದಿಸುವ ನಾನೇ ಅವರ ಲೆಕ್ಕ ತಪ್ಪಿಸಿದರೆ, ಅವರನ್ನು ಕೇಳದೆ ಅವರ ನೆಲ ತೆಗೆದುಕೊಂಡವರಿಗೂ ನನಗೂ ಏನು ವ್ಯತ್ಯಾಸ? ಹಸುಗೂಸುಗಳನ್ನೂ ಸೇರಿಸಿ ಎಣಿಸಿದರೂ ಅರ್ಧಕ್ಕಿಂತ ಹೆಚ್ಚು ಮಂದಿ ಬೇಡ ಎಂದಿದ್ದಾರೆ. ಸತ್ಯ ಇಷ್ಟು ದೊಡ್ಡದಿರುವಾಗ ಅದನ್ನು ಉಬ್ಬಿಸುವ ಅಗತ್ಯ ನಮಗಿಲ್ಲ."

ಮಗಳು ಸುಮ್ಮನಿರಲಿ ಎಂದು ತಾವು ಬಯಸಿದ್ದು ನೆನಪಾಗಿ ವೇಣುಗೋಪಾಲರಿಗೆ ನಾಚಿಕೆಯಾಯಿತು.

ಬ್ರಿಸ್ಬೇನ್ ಎರಡು ಅಂಕಗಳಿಂದ ಸೋತಿತು.

ಹೊರಗೆ ಧ್ರುವ ಮುಖ ಊದಿಸಿಕೊಂಡು ನಿಂತಿದ್ದ. "ಅಂಕಲ್, ಶೀ ಕಾಸ್ಟ್ ಅಸ್ ದಿ ಫೈನಲ್! ಇವಳಿಂದಲೇ ಸೋತ್ವಿ!"

"ಸಾರಿ ಧ್ರುವ," ಎಂದಳು ಶರಣ್ಯಾ. "ಬಟ್ ತಪ್ಪು ಲೆಕ್ಕವನ್ನ ಹಾಗೇ ಬಿಡೋಕೆ ನನ್ನಿಂದ ಆಗ್ಲಿಲ್ಲ."

ಅಷ್ಟರಲ್ಲಿ ಪರ್ತ್ ತಂಡದ ನಾಯಕಿ ಟ್ರೋಫಿ ಕಂಕುಳಲ್ಲಿ ಇರುಕಿಕೊಂಡೇ ಬಂದಳು. ಆ ಅಂಕಿ ತಪ್ಪೆಂದು ತಮಗೆ ಹೊಳೆದೇ ಇರಲಿಲ್ಲವೆಂದು ಒಪ್ಪಿಕೊಂಡು, ಶರಣ್ಯಾಳ ಕೈಯನ್ನು ಗಟ್ಟಿಯಾಗಿ ಕುಲುಕಿದಳು. ಧ್ರುವ ನೆಲ ನೋಡುತ್ತ ನಿಂತಿದ್ದವನು, "ನಾನೇ ಸರಿಯಾಗಿ ಹೇಳಬೇಕಿತ್ತು ಬಿಡು," ಎಂದು ಗೊಣಗಿದ.

ಸಂಜೆ ಕಡಲತೀರದ ಗ್ಲೆನೆಲ್ಗ್‌ಗೆ ಹೋಗುವ ಟ್ರಾಮಿನಲ್ಲಿ ಕೂತಿದ್ದಾಗ ಹೆಂಡತಿ ಹಂಸಾ ಮನೆಯಿಂದ ಫೋನ್ ಮಾಡಿದರು. "ಏನ್ರೀ, ಗೆದ್ಲಾ ಮಗಳು?"

"ಸೋತ್ಬಿಟ್ರು ಕಣೆ," ಎಂದರು ವೇಣುಗೋಪಾಲರು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ.

"ಸೋತಿದ್ದಕ್ಕೆ ಇಷ್ಟು ಖುಷಿನಾ?"

"ಅಪ್ಪಾ, ಪ್ಲೀಸ್, ಮೆಲ್ಲಗೆ," ಎಂದು ಶರಣ್ಯಾ ಕಿಟಕಿಯತ್ತ ಮುಖ ತಿರುಗಿಸಿದಳು.

ವೇಣುಗೋಪಾಲರು ದನಿ ತಗ್ಗಿಸಲಿಲ್ಲ. "ಹಂಸಾ, ಕೂತ್ಕೊಂಡು ಕೇಳು. ಇವತ್ತು ಇವಳು ಏನ್ ಮಾಡಿದ್ಲು ಅಂತ ಮೊದಲಿಂದ ಹೇಳ್ತೀನಿ."