ಮೇಲೂರಿನ ಹೊಗೆ

ಡಾಂಬರು ಮುಗಿದಲ್ಲಿ ಕಾರು ನಿಲ್ಲಿಸಿ, ಗಂಡಸರು ಶವಪೆಟ್ಟಿಗೆಯನ್ನು ಹೊರಗೆಳೆದು ಹೆಗಲಿಗೇರಿಸಿದರು. ಇಲ್ಲಿಂದಾಚೆ ಕಾಲುದಾರಿಯೇ ಗತಿ. ಬಲಿಪೂಜೆ ಕೆಳಗಿನ ಹೊಸ ಚರ್ಚಿನಲ್ಲಿ ಮುಗಿದಿತ್ತು. ರೊಕ್ಕಾಲೆಂತಾ ಊರಿನ ಸ್ಮಶಾನ ಮಾತ್ರ ಗುಡ್ಡದ ನೆತ್ತಿಯ ಹಳೇ ಊರಿನಲ್ಲೇ ಉಳಿದಿತ್ತು. ಬದುಕಿದ್ದವರೆಲ್ಲ ಇಳಿದು ಬಂದಾಗ ಸತ್ತವರನ್ನು ಯಾರೂ ಇಳಿಸಿರಲಿಲ್ಲ.

ಪೆಟ್ಟಿಗೆಯಲ್ಲಿದ್ದವಳು ಎರ್ಸೀಲಿಯಾ. ಅದರ ಹಿಂದೆ, ಪಕ್ಕದ ಮನೆಯ ಜಿಲ್ದಾಳ ತೋಳು ಹಿಡಿದು ಕುಂಟುತ್ತ ಹತ್ತುತ್ತಿದ್ದವಳು ತಂಗಿ ದೆಲ್ಫೀನಾ.

"ನಿನ್ನ ಅಡುಗೆಮನೆ ಕಿಟಕಿಯಿಂದ ಅವಳ ಹೊಗೆಗೂಡು ಕಾಣುತ್ತಲ್ಲೇ," ಅಂದಳು ಜಿಲ್ದಾ. "ಗುರುವಾರ ಹೊಗೆ ಇರ್ಲಿಲ್ವಾ?"

"ಮಂಜು ಮುಸುಕಿತ್ತು. ಏನೂ ಕಾಣ್ಲಿಲ್ಲ."

ಗುರುವಾರ ಬೆಳಿಗ್ಗೆ ಇಬ್ಬರೂ ಬೇಲಿಯ ಆಚೀಚೆ ನಿಂತು ಬಿಸಿಲಿಗೆ ಬಟ್ಟೆ ಹರವಿದ್ದರು. ಜಿಲ್ದಾಳಿಗೆ ಅದು ಮರೆತಿತ್ತೋ, ನೆನಪಿದ್ದೂ ಸುಮ್ಮನಾದಳೋ.

*

ಕೆಲವು ವರ್ಷಗಳ ಹಿಂದೆ, ಮಳೆ ಬಿಡದೆ ಹೊಡೆದ ಒಂದು ಚಳಿಗಾಲದಲ್ಲಿ ಗುಡ್ಡದ ಮೂಡಣ ಮಗ್ಗುಲು ಜರಿದು ಒಂದು ಬೀದಿಯೇ ಕಣಿವೆ ಸೇರಿತು. ಜೌಗಿನ ಜ್ವರಕ್ಕೆ ಹೆದರಿ ಹಿರಿಯರು ಮೇಲೆ ಹತ್ತಿ ಕಟ್ಟಿದ ಊರಿನಿಂದ, ಅವರ ಮರಿಮಕ್ಕಳು ಮಣ್ಣಿಗೆ ಹೆದರಿ ಸಾಮಾನು ಹೊತ್ತು ಕೆಳಗಿಳಿದರು.

"ಬಾರೇ ಅಕ್ಕ. ಹಟ ಬೇಡ."

"ನಮ್ಮನೆ ಇರೋದು ಬಂಡೆ ಮೇಲೆ. ಬಂಡೆ ಎಲ್ಲಿಗೆ ಹೋಗುತ್ತೆ? ಅವ್ವನ ಸಮಾಧಿಗೆ ದೀಪ ಹಚ್ಚೋಕೆ ಒಬ್ರಾದ್ರೂ ಇರ್ಬೇಕು."

"ನಿಂಗೇನಾದ್ರೂ ಆದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಹೊಗೆ ನೋಡ್ತಿರು. ಹೊಗೆ ಎದ್ರೆ ನಾನೂ ಎದ್ದಿದ್ದೀನಿ ಅಂತ ತಿಳ್ಕೋ."

ಮೊದಮೊದಲು ದೆಲ್ಫೀನಾ ಹಬ್ಬಹಬ್ಬಕ್ಕೂ ಹತ್ತಿದಳು. ಆಮೇಲೆ ಮಂಡಿ ನೋವು ಬಂತು. ನೋವಿಲ್ಲದ ದಿನಗಳಲ್ಲಿ ನೆಪ ಬಂತು.

ಗುರುವಾರ ಕಾಫಿಗಿಟ್ಟು ಕಿಟಕಿಯಾಚೆ ನೋಡಿದಳು. ಹೊಗೆಯಿರಲಿಲ್ಲ. ಗುಡ್ಡದ ಮೇಲೆ ಆಡು ಮೇಯಿಸುವ ಒಟ್ಟಾವಿಯೊನಿಗೆ ಫೋನು ಮಾಡೋಣವೆಂದುಕೊಂಡಳು. ಅಷ್ಟರಲ್ಲಿ, ಹೋದ ತಿಂಗಳು ಸಂತೆಗೆ ಇಳಿದಿದ್ದ ಅಕ್ಕ ತನ್ನ ಮನೆಗೆ ಬಾರದೆ ಹಾಗೇ ಹತ್ತಿ ಹೋದದ್ದು ನೆನಪಾಯಿತು. ಅವಳಿಗೇ ಬೇಡವಾದ ಮೇಲೆ ನನಗೇನು ಅಂತ ಪರದೆ ಎಳೆದಳು.

ಮರುದಿನ ಒಟ್ಟಾವಿಯೊ ತಾನೇ ಇಳಿದು ಬಂದು ಬಾಗಿಲು ತಟ್ಟಿದ.

*

ಮಣ್ಣು ಜರಿದ ಜಾಗದಲ್ಲಿ ಹೆಗಲು ಬದಲಿಸಲು ನಿಂತರು. ಒಟ್ಟಾವಿಯೊ ಬೆವರೊರೆಸಿಕೊಂಡ.

"ಬಿದ್ದ ತಕ್ಷಣ ಜೀವ ಹೋಯ್ತೇನಪ್ಪ?" ಜಿಲ್ದಾ ಕೇಳಿದಳು.

ಅವನು ದೆಲ್ಫೀನಾಳತ್ತ ನೋಡಲಿಲ್ಲ. "ಬಿದ್ದಿದ್ದು ಸೌದೆ ರಾಶಿ ಹತ್ರ. ನಂಗೆ ಸಿಕ್ಕಿದ್ದು ಬಾಗಿಲ ಹತ್ರ. ಅಲ್ಲೀವರೆಗೂ ತೆವಳಿದ ಗುರುತಿತ್ತು."

ಜರಿದ ಅಂಚಿನುದ್ದಕ್ಕೂ ಗೂಟ ನೆಟ್ಟು, ಸೊಂಟದೆತ್ತರಕ್ಕೆ ಗಳ ಕಟ್ಟಿತ್ತು.

"ಇದ್ಯಾವಾಗ ಆಯ್ತು? ಪುರಸಭೆಯವ್ರು ಹಾಕಿದ್ರಾ?" ಅಂದಳು ಜಿಲ್ದಾ.

"ಅವ್ರೆಲ್ಲಿ ಹಾಕ್ತಾರೆ. ಎರ್ಸೀಲಿಯಕ್ಕ ಕಟ್ಟಿದ್ದು, ಬೇಸಿಗೆಯಿಂದ. ಆಡಿನ ಥರ ಹತ್ತೋಳು, ನಿಂಗ್ಯಾಕಕ್ಕ ಇದು ಅಂದೆ. ತಂಗಿಗೆ ಮಂಡಿ ನೋವು ಕಣೋ, ಹಿಡ್ಕೊಂಡು ಬರ್ಲಿ ಅಂದ್ಳು. ಹೋದ ತಿಂಗಳು ತಂತಿ ತರೋಕೆ ಸಂತೆಗೂ ಇಳಿದಿದ್ಳು. ಮುಗಿಯೋ ತನಕ ಅವಳ ಮುಖ ನೋಡಲ್ಲ, ನೋಡಿದ್ರೆ ಬಾಯಿಬಿಟ್ಟು ಹೇಳ್ಬಿಡ್ತೀನಿ ಅಂತ ನಗ್ತಿದ್ಳು."

ಪೆಟ್ಟಿಗೆ ಮುಂದಕ್ಕೆ ಹೋಯಿತು. ದೆಲ್ಫೀನಾ ಜಿಲ್ದಾಳ ತೋಳು ಬಿಟ್ಟು ಗಳ ಹಿಡಿದಳು. ಕೈಗೆ ಸಿಬಿರು ಚುಚ್ಚದಂತೆ ತೊಗಟೆ ಹೆರೆದು ನಯ ಮಾಡಿತ್ತು.

"ಗುರುವಾರ ಬಿಸಿಲಿತ್ತು, ಜಿಲ್ದಾ."

"ಗೊತ್ತು ಕಣೆ. ನಡಿ."

ತಿರುವಿನಲ್ಲಿ ಗಳ ಮುಗಿಯಿತು. ಅಲ್ಲಿಂದ ಮೇಲಕ್ಕೆ ದಾರಿಯಂಚಿನಲ್ಲಿ ತೋಡಿಟ್ಟ ಗುಳಿಗಳು, ಮಗ್ಗುಲ ಹುಲ್ಲಿನಲ್ಲಿ ತುದಿ ಚೂಪು ಮಾಡಿ ಒಟ್ಟಿದ ಗೂಟಗಳು, ಅವುಗಳ ಮೇಲೆ ಇನ್ನೂ ಬಿಚ್ಚದ ತಂತಿಯ ಸುರುಳಿ.