ಅನಂತರಾಮರ ಬಚ್ಚಲಿಗೆ ಹ್ಯಾಂಡಲ್ ಬಂದದ್ದು

ಕೂತ್ಕೊಳ್ಳಿ ಹಿರಿಯರೇ, ಹೇಳ್ತೇನೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಹೋಟೆಲಿನ ಸಾಂಬಾರು ಮಧ್ಯಾಹ್ನದೊಳಗೆ ಹಳಸಿ ಹೋಗಲಿ.

ಮುಂಬಯಿ ಹತ್ರದ ನೆರೂಳದಲ್ಲಿ ನಮ್ಮ ಎದುರು ಮನೆ ಅನಂತರಾಮರು ಇದ್ದಾರಲ್ಲ, ಮೈಸೂರಿನವರು, ರಿಟೈರ್ ಆಗಿ ಮೂರು ವರ್ಷ. ಮೊದಲನೇ ಸಲ ಬಚ್ಚಲಲ್ಲಿ ಜಾರಿದವರು ಹಾಲ್ ದಾಟಿ, ಬಾಗಿಲು ದಾಟಿ, ಎರಡು ಮಾಳಿಗೆ ಮೆಟ್ಟಿಲು ಇಳಿದು ಗೇಟಿನ ಹತ್ರ ನಿಂತದ್ದು ಮಾರಾಯ್ರೆ! ವಾಚ್‌ಮನ್ ರಿಜಿಸ್ಟರಲ್ಲಿ ಸಹಿ ಕೂಡ ತಗೊಂಡ. ಮೈಮೇಲೆ ಟವೆಲ್ ಇತ್ತು, ದೇವರು ದೊಡ್ಡವ.

ಅಷ್ಟಾದರೂ ಸಂಜೆ ಹೋಟೆಲಿಗೆ ಬಂದು ಕಾಫಿ ಕುಡೀತಾ ಭಾಷಣ ಮಾಡಿದರು.

"ತಪ್ಪು ನಂದಲ್ಲ ದೇವದಾಸ್, ಟೈಲ್ಸಿಂದು. ಈಗಿನ ಬಿಲ್ಡರ್‌ಗಳು ಕನ್ನಡಿ ಹಾಸಿ, ಅದರ ಮೇಲೆ ಸೋಪಿನ ನೀರು ಬಿಟ್ಕೊಂಡು ನಡೀರಿ ಅಂತಾರೆ. ಫೋನಿಗೆ ತಿಂಗಳಿಗೊಂದು ಅಪ್‌ಡೇಟ್ ಬರುತ್ತೆ. ನನ್ನ ಮೊಣಕಾಲಿಗೆ ಯಾಕಪ್ಪಾ ಬರಲ್ಲ?"

ಎರಡನೇ ಸಲದ್ದು ತಮಾಷೆ ಅಲ್ಲ. ಬೆಳಿಗ್ಗೆ ಅವರ ಹೆಂಡತಿ ಸುಬ್ಬಲಕ್ಷ್ಮಮ್ಮ ಓಡಿ ಬಂದರು.

"ದೇವದಾಸ್, ಇವರು ಒಳಗೆ ಚಿಲಕ ಹಾಕ್ಕೊಂಡು ಬಿದ್ದಿದಾರೆ! ಎಷ್ಟು ಕೂಗಿದ್ರೂ ಮಾತಿಲ್ಲ!"

ನಾನೂ ವಾಚ್‌ಮನ್ನೂ ಸೇರಿ ಬಾಗಿಲು ದೂಡಿ ಚಿಲಕ ಕಿತ್ತೆವು. ಅನಂತರಾಮರು ನೆಲದಲ್ಲಿ ಕೂತಿದ್ದರು. ಕೈಯಲ್ಲಿ ಗೋಡೆಯಿಂದ ಕಿತ್ತು ಬಂದ ಟವೆಲ್ ರಾಡ್. ಮಣಿಕಟ್ಟು ಊದಿತ್ತು.

ನನ್ನ ಹೆಂಡತಿ ನಳಿನಾಕ್ಷಿ ಮೂಳೆ ವಾರ್ಡಿನಲ್ಲಿ ನರ್ಸ್. ಕೈಗೆ ಪಟ್ಟಿ ಕಟ್ಟಿ ಹೇಳಿದಳು, "ಎಕ್ಸ್‌ರೇ ತೆಗೆಸುವಾ. ಮತ್ತೆ ಸರ್, ಬಚ್ಚಲಿಗೆ ಹ್ಯಾಂಡಲ್ ಹಾಕಿಸಿ."

"ಹ್ಯಾಂಡಲ್ ಮುದುಕರಿಗೆ ಕಣಮ್ಮ."

"ನೀವು?"

"ನಾನು ಸೀನಿಯರ್ ಸಿಟಿಜನ್. ಅದು ಬೇರೆ. ಹಿಡ್ಕೊಳ್ಳೋಕೆ ರಾಡ್ ಇತ್ತಲ್ಲ?"

"ಅದು ಟವೆಲಿಗೆ ಸರ್, ಎಪ್ಪತ್ತೆಂಟು ಕಿಲೋಗೆ ಅಲ್ಲ. ನಮ್ಮ ವಾರ್ಡಿಗೆ ಒಮ್ಮೆ ಬನ್ನಿ. ಸೊಂಟ ಮುರಿದು ಮಲಗಿದವರನ್ನು ಕೇಳಿ, ಎಲ್ಲಿ ಬಿದ್ದದ್ದು ಅಂತ. ಕೆಲವರು ಮತ್ತೆ ಏಳುವುದೇ ಇಲ್ಲ."

"ನೆಂಟರು ಬಂದು ಹ್ಯಾಂಡಲ್ ನೋಡಿದ್ರೆ ಏನಂತಾರೆ? ಅನಂತರಾಮ ಮುದುಕ ಆದ ಅಂತಾರೆ."

"ಮೂವತ್ತು ವರ್ಷ ಲೋಕಲ್ ಟ್ರೈನಲ್ಲಿ ಹ್ಯಾಂಡಲ್ ಹಿಡ್ಕೊಂಡೇ ಆಫೀಸಿಗೆ ಹೋದ್ರಲ್ಲ, ಆಗ ಯಾರು ಮುದುಕ ಅಂದ್ರು?"

"ಟ್ರೈನ್ ಅಲ್ಲಾಡುತ್ತೆ ಕಣಮ್ಮ."

"ಈಗ ನೀವು ಅಲ್ಲಾಡ್ತೀರಿ."

ನಾನು ನಕ್ಕುಬಿಟ್ಟೆ. ಸುಬ್ಬಲಕ್ಷ್ಮಮ್ಮ ನಗಲಿಲ್ಲ.

"ನಾನು ಬಾಗಿಲು ಬಡೀತಾನೇ ಇದ್ದೆ ರೀ. ಒಂದು ಸದ್ದಿಲ್ಲ. ಹೋಗೇಬಿಟ್ರಿ ಅಂದ್ಕೊಂಡೆ. ಯಾಕೆ ಮಾತಾಡಲಿಲ್ಲ?"

ಅನಂತರಾಮರು ಕಿತ್ತು ಬಂದ ರಾಡನ್ನು ಗೋಡೆಗೆ ಒರಗಿಸಿದರು.

"ನಾಚಿಕೆ ಆಯ್ತು ಕಣೇ," ಅಂದರು. ಆಮೇಲೆ ನಳಿನಾಕ್ಷಿ ಕಡೆ ತಿರುಗಿ, "ಎಷ್ಟು ಎತ್ತರಕ್ಕೆ ಹಾಕಿಸ್ಬೇಕಮ್ಮ?"

ಮರುದಿನವೇ ಪ್ಲಂಬರ್ ಬಂದ. ಕಮೋಡಿನ ಹತ್ರ ಒಂದು, ಸ್ನಾನದ ಜಾಗದಲ್ಲಿ ಒಂದು, ಎರಡು ಸ್ಟೀಲ್ ಹ್ಯಾಂಡಲ್. ಚಿಲಕ ಮತ್ತೆ ಹಾಕಿಸಲೇ ಇಲ್ಲ. ಬಾಗಿಲಿಗೆ "ಒಳಗೆ ಜನ ಇದ್ದಾರೆ" ಅಂತ ಬೋರ್ಡು. ಈಗ ದಿನಾ ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ಚೊಂಬು ಹಿಡಿದು, "ವಾಶಿ ಸ್ಟೇಷನ್! ವಾಶಿ! ಇಳಿಯೋರು ಮುಂದೆ ಬನ್ನಿ!" ಅಂತ ಲೋಕಲ್ ಟ್ರೈನಲ್ಲಿ ಇದ್ದ ಹಾಗೆ ಕೂಗ್ತಾರೆ. ಕೇಳಿ ಕೇಳಿ ಮೇಲಿನ ಮಾಳಿಗೆಯವರು ನಾಲ್ಕು ಜನ ಬ್ಯಾಗ್ ಹಿಡ್ಕೊಂಡು ಇಳಿದು ಬಂದದ್ದು ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ಹಿರಿಯರೇ, ನಗುವುದು ಸಾಕು. ಮನೆಗೆ ಹೋದ ಕೂಡಲೇ ನಿಮ್ಮ ಬಚ್ಚಲು ನೋಡಿ. ಜಾರುವ ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ನೀರು ನಿಲ್ಲಲಿಕ್ಕೆ ಬಿಡಬೇಡಿ. ಒಳಗಿಂದ ಚಿಲಕ ಬೇಡ. ಬಿದ್ದರೆ ನಾಚಿಕೆ ಬಿಟ್ಟು ಕೂಗಿ. ಹ್ಯಾಂಡಲ್ ಅಂಟಿಸುವಂಥದ್ದು ತರಬೇಡಿ, ಗೋಡೆಗೆ ಡ್ರಿಲ್ ಮಾಡಿಯೇ ಕೂರಿಸಿ. ನಾನಿನ್ನೂ ಗಟ್ಟಿ ಇದ್ದೇನೆ, ಮುಂದಿನ ವರ್ಷ ನೋಡುವಾ ಅಂತ ಕೂತರೆ, ಆ ಮುಂದಿನ ವರ್ಷ ನೀವು... ಅರೆ, ಹಣಮಂತ್ರಾಯರೇ! ಎಲ್ಲಿಗೆ ಎದ್ದಿರಿ? ಮಾತು ಮುಗೀಲಿಲ್ಲ!

"ನೀವು ಹೇಳ್ಕೋತ ಕೂಡ್ರಿ. ಒಂದ್ ಗಂಟೆಕ್ಕ ಹಾರ್ಡ್‌ವೇರ್ ಅಂಗಡಿ ಬಂದ್ ಆಗ್ತದ."